ಮನೆಯೊಳಗೆ ಓಡಿದ ರೈಲು

ಒಂದು ನಿಮಿಷ ನಿಲ್ಲಿ, ಇದೊಂದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ಎದ್ದು ಹೋದರೆ ಗೋಂದಮ್ಮನನ್ನು ಹುಚ್ಚಿ ಅಂದುಕೊಳ್ಳುತ್ತೀರಿ. ಪೂರ್ತಿ ಕೇಳಿದ ಮೇಲೂ ಹಾಗೇ ಅಂದುಕೊಳ್ಳಬಹುದು, ಆದರೆ ಆಗ ಕಾರಣವಾದರೂ ಗೊತ್ತಿರುತ್ತದೆ!

ಗೋಂದಮ್ಮ ಅನ್ನುವುದು ಅವಳ ಅಪ್ಪ ಇಟ್ಟ ಹೆಸರಲ್ಲ. ಅವಳು ಕೆಲಸ ಮಾಡುವುದು ನಾಟಕ ಮಂದಿರದ ಹಿಂಬದಿಯ ಕಾರ್ಖಾನೆಯಲ್ಲಿ. ರಂಗದ ಮೇಲೆ ಕಾಣುವ ಬಾಗಿಲು, ಬಾವಿ, ಸಿಂಹಾಸನ, ಸಿಡಿಲು ಬಡಿದ ಮರ, ಎಲ್ಲ ಹುಟ್ಟುವುದು ಅಲ್ಲಿ. ಬೆರಳ ತುದಿಯಲ್ಲಿ ಸದಾ ಗೋಂದು ಒಣಗಿಕೊಂಡಿರುತ್ತಿದ್ದುದರಿಂದ ಅಲ್ಲಿಯವರು ಕರೆದ ಹೆಸರು ಅದು. ಅವಳ ಹಿಂದೆಯೇ ಮನೆಗೂ ಬಂತು.

ಆ ಸಂಜೆ ಗೋಂದಮ್ಮ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಮೇಲೆ ಬಂದಳು.

"ಅತ್ತೇ! ನಾಟಕ ಮಂದಿರಕ್ಕೆ ಬೀಗ ಬಿತ್ತು!"

"ಬೀಗ ಬಿದ್ದಿದ್ದಕ್ಕೆ ಇಷ್ಟು ಕುಣಿಯೋರನ್ನ ಇವತ್ತೇ ನೋಡಿದ್ದು ನಾನು," ಅಂದರು ಬಟಾಣಿ ಸುಲಿಯುತ್ತಿದ್ದ ಅತ್ತೆ. "ಕೆಲಸ ಹೋಯ್ತೇನೇ?"

"ಅಯ್ಯೋ ಇಲ್ಲ! ಮಾಳಿಗೆ ರಿಪೇರಿ. ಮುಂದಿನ ನಾಟಕ ಶುರು ಆಗೋವರೆಗೆ ನಮಗೆಲ್ಲ ರಜ. ಅಕ್ಕನ ಮನೆಗೆ ಹೋಗಿಬರಬಹುದು ಅತ್ತೆ! ರೈಲಲ್ಲಿ!"

ಅಕ್ಕ ಇರುವುದು ಬೇರೆ ದೇಶದಲ್ಲಿ. ಒಂದು ಗಡಿ ದಾಟಿ, ಇನ್ನೊಂದು ಗಡಿ ದಾಟಿ, ರೈಲು ಇನ್ನು ಮುಂದೆ ಹೋಗಲಾರೆ ಅಂತ ನಿಂತುಬಿಡುವ ಕಡೆ ಸಮುದ್ರವಿದೆ; ಅದರ ದಡದಲ್ಲಿ ಅಕ್ಕನ ಬ್ರೆಡ್ ಅಂಗಡಿ. ತಾಯಿಯಿಲ್ಲದ ಮನೆಯಲ್ಲಿ ಗೋಂದಮ್ಮನಿಗೆ ಜಡೆ ಹಾಕಿ, ಮೂಗೊರೆಸಿ, ಸಿಟ್ಟು ಬಂದಾಗ ಬೆನ್ನಿಗೊಂದು ಗುದ್ದಿ ಬೆಳೆಸಿದವಳು ಆ ಅಕ್ಕ. ಗೋಂದಮ್ಮನ ಮಗುವನ್ನು ಮಾತ್ರ ಅವಳು ಇಲ್ಲಿಯವರೆಗೆ ಫೋನಿನ ಗಾಜಿನಲ್ಲಷ್ಟೇ ಮುದ್ದಿಸಿದ್ದಾಳೆ. ಅವಳೇ ಇಲ್ಲಿಗೆ ಬರುವಂತಿಲ್ಲ. ಅಂಗಡಿಗೆ ಒಂದು ದಿನ ಬಾಗಿಲು ಹಾಕಿದರೂ ಊರು ಉಪವಾಸ ಬೀಳುತ್ತದೆ ಅಂತ ಅವಳ ನಂಬಿಕೆ. ಇವಳು ವಿಮಾನದಲ್ಲಿ ಹೋಗುವಂತಿಲ್ಲ. ಮಗುವಿಗೆ ಪದೇಪದೇ ಕಿವಿ ಸೋರುತ್ತದೆ, ಸದ್ಯಕ್ಕೆ ಮೇಲೆ ಹಾರಿಸಬೇಡಿ ಅಂದಿದ್ದಾರೆ ಡಾಕ್ಟರು. ಇನ್ನು ಈ ರಜ ಮುಗಿದರೆ ಮಗುವಿಗೆ ಶಾಲೆ, ಇವಳಿಗೆ ಒಂದರ ಹಿಂದೊಂದು ನಾಟಕ. ಈಗ ಹೋದರೆ ಹೋದ ಹಾಗೆ. ಇಲ್ಲದಿದ್ದರೆ ಫೋನಿನ ಗಾಜೇ ಗತಿ.

ಮಗುವಿನ ಹೆಸರು ಪಿಟೀಲು. ಹುಟ್ಟಿದ ಗಳಿಗೆಯಲ್ಲಿ ಅವಳು ಎಳೆದ ರಾಗ ಕೇಳಿ ಅಜ್ಜಿಯೇ ಕೊಟ್ಟ ಬಿರುದು. ಶಾಲೆಗೆ ಸೇರುವ ವಯಸ್ಸಾಗುತ್ತ ಬಂದರೂ ರಾಗ ಇಳಿದಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನ ಮುಂದೆ ವಿಷಯ ಬಿತ್ತು. ಅವನು ಸಿಟಿ ಬಸ್ ಡ್ರೈವರ್. ಬೇಸಿಗೆಯಲ್ಲಿ ಅವನ ಡಿಪೋದಲ್ಲಿ ರಜ ಕೇಳುವುದೂ ಒಂದೇ, ಬಂಡೆಯ ಹತ್ತಿರ ನೀರು ಕೇಳುವುದೂ ಒಂದೇ.

"ನಿನ್ನ ಜೊತೆಗೆ ಯಾರು?" ಅಂದ.

"ಪಿಟೀಲು."

"ಅದು ಜೊತೆ ಅಲ್ಲ ಕಣೇ, ಲಗೇಜು."

"ರೀ!"

"ರೀ ಗೀ ಅನ್ಬೇಡ. ದಿನಾ ನೋಡ್ತೀನಿ ನಾನು. ಮಾರ್ಕೆಟ್ ಹತ್ರ ಹತ್ತಿದ ಮಗು ಆಸ್ಪತ್ರೆ ಸ್ಟಾಪ್ ಬರೋಷ್ಟರಲ್ಲಿ ಇಡೀ ಬಸ್ಸನ್ನ ಗೋಳು ಹುಯ್ಕೊಂಡಿರುತ್ತೆ. ಬಸ್ಸಾದ್ರೆ ಪಕ್ಕಕ್ಕೆ ನಿಲ್ಲಿಸ್ತೀನಿ. ರೈಲನ್ನ ಯಾರು ನಿಲ್ಲಿಸ್ತಾರೆ? ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ, ಇವಳು ರಾಗ ಶುರು ಮಾಡಿದ್ರೆ ನೀನೊಬ್ಬಳೇ ಏನ್ಮಾಡ್ತೀಯ?"

ಅಷ್ಟು ಹೊತ್ತಿಗೆ ಪಿಟೀಲು ತಟ್ಟೆ ಬಿಟ್ಟು ಮೇಜಿನ ಕೆಳಗೆ ಒಂದು ಸುತ್ತು ಹಾಕಿ, ಅಜ್ಜಿಯ ಕಾಲಿನ ಮೇಲಿಂದ ಹಾದು, ಕಿಟಕಿ ಹತ್ತಿ ಇಳಿದು ಎರಡನೇ ತುತ್ತಿಗೆ ಬಂದಿದ್ದಳು.

"ನೋಡು," ಅಂದ ಡ್ರೈವರ್. "ಒಂದು ತುತ್ತಿಗೆ ಇಷ್ಟು ದೂರ. ಒಂದೇ ಡಬ್ಬದಲ್ಲಿ ಹಗಲು ರಾತ್ರಿ ಕೂರ್ತಾಳೆ ಅಂತ ನನಗೆ ತೋರಿಸು. ನಾನೇ ಹೋಗಿ ಟಿಕೆಟ್ ತಂದುಕೊಡ್ತೀನಿ."

ಅವನು ಅದನ್ನು ಬಾಯಿ ಮುಚ್ಚಿಸಲು ಹೇಳಿದ್ದು. ಗೋಂದಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕಣ್ಣು ಅಗಲವಾಯಿತು. ಅತ್ತೆ ಆ ಮುಖ ನೋಡಿ ಮಗನಿಗೆ ಮೆಲ್ಲಗೆ, "ಕೆಟ್ಟೆ ಕಣೋ," ಅಂದರು.

"ತಾಲೀಮು!" ಅಂದಳು ಗೋಂದಮ್ಮ. "ತಾಲೀಮು ಮಾಡೋಣ!"

ನಾಟಕದವರಿಗೆ ಇದೊಂದು ರಕ್ತದಲ್ಲೇ ಬಂದ ಅಭ್ಯಾಸ. ತಾಲೀಮಿಲ್ಲದೆ ಏನೂ ರಂಗ ಹತ್ತಬಾರದು. ಅವಳ ಕಾರ್ಖಾನೆಯ ಮೇಸ್ತ್ರಿ ಹೊಸ ಸಿಂಹಾಸನ ಮಾಡಿದರೆ ಮೊದಲು ತಾವೇ ಅದರ ಮೇಲೆ ಕೂತು, ಕುಣಿದು, ಬೇಕೆಂದೇ ಒಮ್ಮೆ ಬಿದ್ದು ನೋಡುತ್ತಾರೆ. ಬೀಳುವುದಾದರೆ ಜನರ ಮುಂದೆ ಬೀಳಬಾರದು, ಅಷ್ಟೆ. ಹಾಗಿದ್ದ ಮೇಲೆ ಇಷ್ಟು ದೊಡ್ಡ ಪ್ರಯಾಣವನ್ನು ತಾಲೀಮಿಲ್ಲದೆ ಮಾಡುವುದುಂಟೇ?

ಮಾರನೆಯ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಮಲಗುವ ಕೋಣೆಯ ಮಂಚ ಹೊರಗೆ ಬಂತು. ರೈಲಿನ ಮಲಗುವ ಬೋಗಿಯ ಅಳತೆಯನ್ನು ಎಲ್ಲಿಂದಲೋ ಹುಡುಕಿ ಗೋಂದಮ್ಮ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಹಳೆಯ ನಾಟಕಗಳ ಹಲಗೆಗಳು ಒಂದೊಂದಾಗಿ ಮೆಟ್ಟಿಲು ಹತ್ತಿದವು. ರಾಜನ ಅರಮನೆಯ ಗೋಡೆ ಮೇಲಿನ ಬರ್ತ್ ಆಯಿತು, ಜೈಲಿನ ಬಾಗಿಲು ಬೋಗಿಯ ಬಾಗಿಲಾಯಿತು. ಇನ್ನು ಕಿಟಕಿ! ಮೇಸ್ತ್ರಿಯನ್ನು ಕಾಡಿ ಬೇಡಿ ತಂದ ಉದ್ದನೆಯ ಚಿತ್ರದ ಬಟ್ಟೆಯೊಂದಿತ್ತು. ಎರಡು ಉರುಳೆಗಳಿಗೆ ಸುತ್ತಿದ್ದು. ಹಿಡಿ ತಿರುಗಿಸಿದರೆ ಹೊಲ ಓಡುತ್ತದೆ, ಗುಡ್ಡ ಓಡುತ್ತದೆ, ನದಿ ಬಂದು ಸೇತುವೆ ಬಂದು ದಟ್ಟ ಕಾಡು ಬಂದು ಕೊನೆಗೆ ನೀಲಿಯೋ ನೀಲಿ ಸಮುದ್ರ.

"ಇದನ್ನ ತಿರುಗಿಸೋದು ಯಾರು?" ಅಂದರು ಅತ್ತೆ. ಎಲ್ಲರೂ ಅವರನ್ನೇ ನೋಡಿದರು. "ಸರಿ ಬಿಡಿ. ಈ ವಯಸ್ಸಲ್ಲಿ ಎಂಜಿನ್ ಆಗೋದು ನನ್ನ ಹಣೇಲಿ ಬರೆದಿತ್ತು ಅಂತ ಕಾಣುತ್ತೆ."

ಚೀಲ ತುಂಬುವುದೇ ಒಂದು ಸಂಭ್ರಮ. ಚಮಚಕ್ಕೆ ದಾರ ಕಟ್ಟಿದಳು, ಬೀಳಿಸಿದರೆ ಎಳೆದುಕೊಳ್ಳಬಹುದಲ್ಲ. ಕಿಟಕಿಗೆ ಅಂಟಿಸಿ ಕಿತ್ತು ಮತ್ತೆ ಅಂಟಿಸಬಹುದಾದ ಕಾಗದದ ಪ್ರಾಣಿಗಳನ್ನು ಕತ್ತರಿಸಿದಳು. ಆನೆಯ ಬೆನ್ನ ಮೇಲೆ ಮೊಲ, ಮೊಲದ ಬೆನ್ನ ಮೇಲೆ ಆನೆ, ಹೇಗೆ ಬೇಕಾದರೂ ಕೂರಿಸಬಹುದು. ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಒದ್ದೆ ಬಟ್ಟೆಗೊಂದು ಡಬ್ಬಿ, ಮಗುವಿನ ಬೊಂಬೆ ಕರಡಿಗೂ ಒಂದು ಕಂಬಳಿ. ರಾತ್ರಿ ಮಲಗಿದಲ್ಲೇ ನೆನಪಾಗಿ ಎದ್ದು ಕೂರುವಳು. "ರೀ, ಉಗುರು ಕತ್ತರಿ!" "ಮಲಕ್ಕೊಳೇ. ಉಗುರು ಬೆಳೆಯೋದ್ರೊಳಗೆ ವಾಪಸ್ ಬರ್ತೀಯ."

ಶನಿವಾರ ಬೆಳಿಗ್ಗೆ ರೈಲು ಹೊರಟಿತು. ಭಾನುವಾರ ಸಂಜೆವರೆಗೆ ತಾಯಿ ಮಗಳು ಸೀಮೆಸುಣ್ಣದ ಗೆರೆ ದಾಟುವಂತಿಲ್ಲ. ಬಚ್ಚಲಿಗೆ ಮಾತ್ರ ಕಾರಿಡಾರ್ ಹಿಡಿದು ಹೋಗಬಹುದು. ಗೋಡೆ ಹಿಡಿದುಕೊಂಡು, ತೂಗಾಡಿಕೊಂಡು. ಯಾಕೆಂದರೆ ರೈಲು ಓಡುತ್ತಿರುತ್ತದೆ!

ಪರದೆಯ ಹಿಂದೆ ಕೂತು ಅತ್ತೆ ಹಿಡಿ ತಿರುಗಿಸಿದರು. ಹೊಲ ಓಡಿತು. ಪಿಟೀಲು ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಅಷ್ಟರಲ್ಲಿ ಜೈಲಿನ ಬಾಗಿಲು ತಟ್ಟಿದ ಸದ್ದು.

"ಟಿಕೆಟ್ ಟಿಕೆಟ್!"

"ಅಪ್ಪಾ!"

"ಯಾರಮ್ಮಾ ಅಪ್ಪ? ನಾನು ಟಿಕೆಟ್ ಕಲೆಕ್ಟರ್. ಟಿಕೆಟ್ ಇಲ್ಲದ ಮಕ್ಕಳಿಗೆ ಮುಂದಿನ ಸ್ಟೇಷನ್ನಲ್ಲಿ ಕಹಿ ಔಷಧಿ ಕುಡಿಸ್ತೀವಿ."

ಕೆಲಸಕ್ಕೆ ಹೋಗಬೇಕಿದ್ದ ಡ್ರೈವರ್ ಆ ಎರಡು ದಿನ ಇನ್ನೊಬ್ಬನ ಜೊತೆ ಪಾಳಿ ಬದಲಾಯಿಸಿಕೊಂಡಿದ್ದ. ಮೊದಲು ಸುಮ್ಮನೆ ನಿಂತು ನೋಡುತ್ತೇನೆ ಅಂದವನಿಗೆ ಆಮೇಲೆ ಹುರುಪು ಹತ್ತಿತು ನೋಡಿ! ಪ್ರತಿ ಸ್ಟೇಷನ್ನಲ್ಲೂ ಹೊಸ ಟೋಪಿ ಹಾಕಿಕೊಂಡು ಹತ್ತಿದ. ಒಮ್ಮೆ ಬಾಳೆಹಣ್ಣು ಮಾರುವವ, ಒಮ್ಮೆ ಗೊರಕೆ ಹೊಡೆಯುವ ಸಹಪ್ರಯಾಣಿಕ, ಒಮ್ಮೆ ಗಡಿಯ ಅಧಿಕಾರಿ.

"ಚೀಲದಲ್ಲಿ ಏನಿದೆ?" ಅಂತ ಗದರಿದ ಅಧಿಕಾರಿ.

"ಚಡ್ಡಿ," ಅಂದಳು ಪಿಟೀಲು.

"ಎಲ್ಲಾ ನಿಮ್ಮದೇನಾ?"

"ಒಂದು ಕರಡೀದು."

ಅಧಿಕಾರಿ ನಗು ತಡೆಯಲಾಗದೆ ಬೋಗಿಯಿಂದ ಹೊರಗೆ ಓಡಿದ.

ಎಲ್ಲ ಸುಲಭವಾಗಿ ಆಯಿತು ಅಂತಲ್ಲ. ಮಧ್ಯಾಹ್ನ ಪಿಟೀಲು ಹೊರಗೆ ಬಿಡಿ ಅಂತ ರಾಗ ಎತ್ತಿದಳು, ಕಾಲು ಬಡಿದಳು. ಅರಮನೆಯ ಗೋಡೆ ಅಲ್ಲಾಡಿತು. ಗೋಂದಮ್ಮ ಬೈಯಲಿಲ್ಲ, ಬಾಗಿಲನ್ನೂ ತೆಗೆಯಲಿಲ್ಲ. ಕಾಗದದ ಆನೆಯನ್ನು ಕಿಟಕಿಗೆ ತಲೆಕೆಳಗಾಗಿ ಅಂಟಿಸಿದಳು. ಮಗು ಅಳುತ್ತಳುತ್ತಲೇ ಬಂದು ಅದನ್ನು ಸರಿ ಮಾಡಿತು. ಹಾಗೆ ಒಂದೊಂದೇ ಗಂಟೆ ದಾಟಿತು. ಅತ್ತೆಗೆ ಕೈ ಸೋತು ಹಿಡಿ ಹಿಂದಕ್ಕೆ ತಿರುಗಿದಾಗ, "ಅಮ್ಮಾ, ರೈಲು ವಾಪಸ್ ಹೋಗ್ತಿದೆ!" ಅಂತ ಪಿಟೀಲು ಕೂಗಿಕೊಂಡಳು. "ರೈಲು ಓಡಿಸೋನು ಕನ್ನಡಕ ಮರೆತು ಬಂದಿದಾನಂತೆ," ಅಂದಿತು ಎಂಜಿನ್, ಪರದೆಯ ಹಿಂದಿನಿಂದ.

ಭಾನುವಾರ ಸಂಜೆ ಸಮುದ್ರ ಬಂತು. ರೈಲಿಳಿದು ಮಹಡಿ ಹತ್ತಿದರೆ ಅಲ್ಲಿ ನೀಲಿ ಬಟ್ಟೆ ಹರಡಿತ್ತು. ತಲೆಗೆ ಬಣ್ಣದ ಬಟ್ಟೆ ಕಟ್ಟಿಕೊಂಡು ಕೈ ಚಾಚಿ ನಿಂತಿದ್ದರು ದೊಡ್ಡಮ್ಮ, ಅಂದರೆ ಅತ್ತೆ. ಪಿಟೀಲು ಓಡಿ ಹೋಗಿ ಅವರ ಸೊಂಟಕ್ಕೆ ಜೋತುಬಿದ್ದಳು.

ಡ್ರೈವರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಸೋತೆ ಕಣೇ," ಅಂದ. "ನಾಳೆನೇ ಟಿಕೆಟ್ ತರ್ತೀನಿ."

ತಂದ ಕೂಡ. ಗೋಂದಮ್ಮ ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು, ಅತ್ತೆಯನ್ನೂ ಎಳೆದುಕೊಂಡು ಇನ್ನೊಂದು ಸುತ್ತು ಕುಣಿದಳು. ಎಡವಟ್ಟಾಗಿದೆ ಅಂತ ಗೊತ್ತಾಗಿದ್ದು ಆಮೇಲೆ.

ಮೊದಲ ಸುಳಿವು ಮೊಟ್ಟೆ ಅಂಗಡಿಯಲ್ಲಿ ಸಿಕ್ಕಿತು. "ಏನಮ್ಮಾ ಪಿಟೀಲು, ರೈಲಲ್ಲಿ ಹೋಗ್ತೀಯಂತೆ?" ಅಂದ ಅಂಗಡಿಯವ.

"ಹೋಗಿ ಬಂದ್ವಿ," ಅಂದಳು.

"ಓಹೋ! ಹೇಗಿದ್ರು ದೊಡ್ಡಮ್ಮ?"

"ಚೆನ್ನಾಗಿದ್ರು. ನಮ್ಮಜ್ಜಿ ಥರನೇ ಇದ್ರು."

ಗೋಂದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆಗೆ ಬಂದು ನೋಡಿದರೆ ತುಂಬಿಟ್ಟಿದ್ದ ಪುಟ್ಟ ಚೀಲ ಖಾಲಿ. ಚಡ್ಡಿಗಳು ಕಪಾಟಿಗೆ ವಾಪಸ್ಸಾಗಿವೆ, ಕರಡಿ ತನ್ನ ಮೂಲೆಯಲ್ಲಿ ಮಲಗಿದೆ. ಆಗ ನಗು ಸ್ವಲ್ಪ ಕಡಿಮೆಯಾಯಿತು.

"ಪುಟ್ಟಾ, ನಾವು ಹೋಗಬೇಕಲ್ವಾ?"

"ಹೋಗಿ ಬಂದ್ವಲ್ಲಮ್ಮ. ಮತ್ತೆ ಯಾಕೆ?"

ಆ ಸಂಜೆ ಅಕ್ಕನ ಫೋನು. ಹಿಟ್ಟು ಮೆತ್ತಿದ ಮುಖ ಗಾಜಿನ ತುಂಬ. "ಬಂಗಾರೀ, ಯಾವಾಗ ಬರ್ತೀಯೇ? ಮೀನಿನ ಆಕಾರದ ಬ್ರೆಡ್ ಮಾಡಿಡ್ತೀನಿ!"

"ನಾನು ಬಂದಿದ್ನಲ್ಲ ದೊಡ್ಡಮ್ಮ."

ಅಕ್ಕನ ಮುಖ ಅಲ್ಲೇ ನಿಂತಿತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡಳು ಗೋಂದಮ್ಮ. ಹೋಗಿರಲಿಲ್ಲ. "ಹೌದಾ ಕಂದ?" ಅಂದಳು ಅಕ್ಕ ಆಮೇಲೆ. "ನಾನು ಮನೇಲಿ ಇರ್ಲಿಲ್ವೇನೋ." ಫೋನು ಕೈ ಬದಲಾದಾಗ ತಂಗಿಗೆ ಮಾತ್ರ ಕೇಳುವಂತೆ, "ಏನೇ ಇದು? ಬರಲ್ಲ ಅನ್ನೋದನ್ನ ಮಗು ಬಾಯಲ್ಲಿ ಹೇಳಿಸ್ತಿದೀಯಾ?" ಅಂದಳು. ಗೋಂದಮ್ಮ ಆಣೆ ಇಟ್ಟು, ತಾಲೀಮಿನ ಕಥೆಯೆಲ್ಲ ಬಿಚ್ಚಿ, ಅಕ್ಕನನ್ನು ನಗಿಸಿಯೇ ಫೋನು ಇಟ್ಟಳು. ಆದರೆ ಆ ನಿಂತುಹೋದ ಮುಖ ಕಣ್ಣ ಮುಂದಿನಿಂದ ಸರಿಯಲಿಲ್ಲ.

ನಿಜವಾದ ರೈಲು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು ಮಾರನೆಯ ದಿನ ಮಗುವನ್ನು ಸ್ಟೇಷನ್ನಿಗೆ ಕರೆದೊಯ್ದಳು. ಉದ್ದನೆಯ ರೈಲು ನಿಂತಿತ್ತು. ಬೋಗಿ ತೊಳೆಯುತ್ತಿದ್ದ ಹೆಂಗಸು ಒಳಗೆ ಬಂದು ನೋಡಿ ಅಂದಳು. ಅದೇ ಅಳತೆ, ಅದೇ ಬರ್ತ್! ಗೋಂದಮ್ಮನಿಗೆ ತನ್ನ ಕೆಲಸ ನೋಡಿ ತನಗೇ ಹೆಮ್ಮೆ. ಪಿಟೀಲು ಮಾತ್ರ ಕೆಳಗಿನ ಬರ್ತಿನಲ್ಲಿ ಕೂತು ಬಾಗಿಲನ್ನೇ ನೋಡಿದಳು.

"ಈ ರೈಲು ಬೇಡ. ನಮ್ಮ ರೈಲೇ ಚೆನ್ನಾಗಿತ್ತು."

"ಯಾಕೆ ಚಿನ್ನಾ? ಇದು ನಿಜವಾಗ್ಲೂ ಓಡುತ್ತೆ!"

"ನಮ್ಮ ರೈಲಲ್ಲಿ ಎಲ್ಲಾ ಸ್ಟೇಷನ್ನಲ್ಲೂ ಅಪ್ಪ ಹತ್ತುತ್ತಿದ್ರು."

ಗೋಂದಮ್ಮ ಪಕ್ಕದಲ್ಲಿ ಕೂತಳು. ಮಗು ಮೋಸ ಹೋಗಿರಲೇ ಇಲ್ಲ! ಹಲಗೆ ಯಾವುದು, ಅಜ್ಜಿ ಯಾರು, ಎಲ್ಲ ಅದಕ್ಕೆ ಗೊತ್ತಿತ್ತು. ಹೋಗಿ ಬಂದೆವು ಅಂತ ಅದು ಹೇಳುತ್ತಿದ್ದುದು ಇನ್ನೊಂದು ರೈಲಿಗೆ ಕರೆಯದಿರಲಿ ಅಂತ. ಅಪ್ಪ ಇಲ್ಲದ ರೈಲು ಅದಕ್ಕೆ ಬೇಡ. ತಾಲೀಮಿನಲ್ಲಿ ತಾನೇ ಮಾಡಿದ ತಪ್ಪು ಆಗ ಹೊಳೆಯಿತು. ಅಳತೆ, ಕಿಟಕಿ, ಚಮಚದ ದಾರ, ಎಲ್ಲ ಸರಿಯಾಗಿತ್ತು. ಆದರೆ ನಿಜವಾದ ಪ್ರಯಾಣದಲ್ಲಿ ಇಲ್ಲದವನಿಗೇ ಎಲ್ಲ ಪಾತ್ರವನ್ನೂ ಕೊಟ್ಟುಬಿಟ್ಟಿದ್ದಳು.

ಹೊರಡುವ ಹಿಂದಿನ ಸಂಜೆ ಡ್ರೈವರ್ ಒಂದು ಉಪಾಯ ಹೇಳಿದ. "ಅಪ್ಪ ಮುಂದಿನ ಸ್ಟೇಷನ್ನಲ್ಲಿ ಹತ್ತುತ್ತಾರೆ ಅಂತ ಹೇಳಿ ಹತ್ತಿಸು. ಅಲ್ಲಿ ಬಂದಾಗ, ಇಲ್ಲಲ್ಲ, ಅದರ ಮುಂದಿನದ್ರಲ್ಲಿ ಅನ್ನು. ಹಾಗೇ ಹೇಳ್ಕೊಂಡು ಹೋಗು, ಸಮುದ್ರ ಬಂದಿರುತ್ತೆ."

"ಒಳ್ಳೇ ಉಪಾಯ," ಅಂದರು ಅತ್ತೆ. "ನಾನೇ ಜೊತೆಗೆ ಬರೋಣ ಅಂದ್ರೆ ಈ ಮೊಣಕಾಲು ಬಿಡಬೇಕಲ್ಲ. ಮಕ್ಕಳಿಗೆ ಒಂದು ಸುಳ್ಳು ಹೇಳಿದ್ರೆ ಏನೂ ಆಗಲ್ಲ ಕಣಮ್ಮ. ಇವನಿಗೆ ನಾನು ಎಷ್ಟು ಹೇಳಿಲ್ಲ!"

"ಅದಕ್ಕೇ ಹೀಗಿದೀನಿ," ಅಂದ ಡ್ರೈವರ್.

ಗೋಂದಮ್ಮ ನಗಲಿಲ್ಲ. "ಪ್ರತಿ ಸ್ಟೇಷನ್ನಲ್ಲೂ ಅವಳು ಬಾಗಿಲು ನೋಡ್ತಾ ಕೂರಬೇಕಾ?"

"ಹತ್ತಲೇ ಇಲ್ಲ ಅಂದ್ರೆ ಏನ್ಮಾಡ್ತೀಯ? ಟಿಕೆಟ್ ಹೋಗುತ್ತೆ, ರಜ ಹೋಗುತ್ತೆ. ಅಲ್ಲಿ ನಿಮ್ಮಕ್ಕ ಮೀನು ಬ್ರೆಡ್ ಮಾಡ್ಕೊಂಡು ಕೂತಿರ್ತಾಳೆ."

ಗೋಂದಮ್ಮ ಖಾಲಿಯಾಗಿದ್ದ ಪುಟ್ಟ ಚೀಲವನ್ನು ಎಳೆದುಕೊಂಡು ಚಡ್ಡಿಗಳನ್ನು ಮತ್ತೆ ತುಂಬತೊಡಗಿದಳು.

ಬೆಳಿಗ್ಗೆ ಪ್ಲಾಟ್‌ಫಾರ್ಮ್ ತುಂಬ ಚೀಲ, ಚಕ್ರ, ಬಿಸಿ ಎಣ್ಣೆಯ ವಾಸನೆ, ಅಪ್ಪಿಕೊಳ್ಳುವವರು, ಓಡುವವರು. ಬೋಗಿಯ ಹೊರಗೆ ಅಕ್ಕನ ಊರಿನ ಹೆಸರು ಕಂಡಾಗ ಗೋಂದಮ್ಮನಿಗೆ ಕುಣಿಯಬೇಕೆನಿಸಿತು. ಚೀಲಗಳು ಒಳಗೆ ಹೋದವು. ಪಿಟೀಲು ಮಾತ್ರ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಳು.

"ಅಮ್ಮಾ, ಅಪ್ಪ ಮುಂದಿನ ಸ್ಟೇಷನ್ನಲ್ಲಿ ಹತ್ತುತ್ತಾರಾ?"

ಮಗುವಿನ ತಲೆಯ ಹಿಂದೆ ಡ್ರೈವರ್ ಹೌದು ಅನ್ನು ಅಂತ ಕಣ್ಣಲ್ಲೇ ಬೇಡಿಕೊಂಡ. ಅತ್ತೆ ಜೋರಾಗಿಯೇ ತಲೆ ಆಡಿಸಿದರು. ಗಾರ್ಡ್ ಬಾಗಿಲುಗಳನ್ನು ಒಂದೊಂದಾಗಿ ಹಾಕಿಕೊಂಡು ಬರುತ್ತಿದ್ದ. ಒಂದೇ ಒಂದು ಮಾತು. ಹೌದು ಅಂದರೆ ಸಾಕಿತ್ತು.

ಗೋಂದಮ್ಮ ಮಂಡಿಯೂರಿ ಕೂತಳು.

"ಇಲ್ಲ ಪುಟ್ಟಾ. ಹತ್ತಲ್ಲ. ಅಪ್ಪ ಇಲ್ಲೇ ಇರ್ತಾರೆ, ಬಸ್ ಓಡಿಸ್ತಾರೆ. ನಾವಿಬ್ಬರೇ ಹೋಗೋದು. ನಾವಿಬ್ಬರೇ ವಾಪಸ್ ಬರೋದು."

ಪಿಟೀಲು ಕಂಬವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು. ಆಮೇಲೆ ಶುರುವಾಯಿತು ನೋಡಿ ರಾಗ! ಆಚೆ ಪ್ಲಾಟ್‌ಫಾರ್ಮಿನವರೂ ತಿರುಗಿ ನೋಡಿದರು. ಗಾರ್ಡ್ ಬಂದು, "ಹತ್ತುತ್ತೀರೋ ಇಲ್ವೋ ಹೇಳಿ," ಅಂದ. ಅತ್ತೆ ಹಣೆ ಚಚ್ಚಿಕೊಂಡರು. ಡ್ರೈವರ್ ಮಗುವನ್ನು ಎತ್ತಿಕೊಳ್ಳಲು ಬಗ್ಗಿದ. ಗೋಂದಮ್ಮ ಅವನ ಕೈ ಹಿಡಿದಳು.

"ಬೇಡ ರೀ. ಅವಳೇ ಹೇಳ್ಲಿ."

ಮಗು ಬೇಡ ಅಂದರೆ ಚೀಲಗಳನ್ನು ಇಳಿಸಬೇಕು, ಅಕ್ಕನಿಗೆ ಫೋನು ಮಾಡಬೇಕು. ಆ ನಿಂತುಹೋದ ಮುಖವನ್ನು ಮತ್ತೆ ನೋಡಬೇಕು.

ಪಿಟೀಲು ಅಳುತ್ತಲೇ ಅಪ್ಪನನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು, ಮಂಡಿಯೂರಿದ ಅಮ್ಮನನ್ನು ನೋಡಿದಳು. ಕಂಬದಿಂದ ಒಂದು ಕೈ ಬಿಟ್ಟಳು.

"ಬರ್ತೀನಿ," ಅಂದಳು ಬಿಕ್ಕುತ್ತ. "ಆದ್ರೆ ಅಳ್ತಾನೇ ಬರ್ತೀನಿ."

"ಅಳು," ಅಂದಳು ಗೋಂದಮ್ಮ, ತಾನೂ ಕಣ್ಣೊರೆಸಿಕೊಳ್ಳುತ್ತ, ನಗುತ್ತ. "ಎಷ್ಟು ಬೇಕೋ ಅಷ್ಟು ಅಳು. ಯಾರಾದ್ರೂ ಏನಾದ್ರೂ ಅಂದ್ರೆ ನಾನು ನೋಡ್ಕೋತೀನಿ."

ಹತ್ತಿದರು! ರೈಲು ಹೊರಟಿತು! ಡ್ರೈವರ್ ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಪಕ್ಕದಲ್ಲಿ ಓಡಿದ. ಪಿಟೀಲು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಾರ್ಖಾನೆಗಳನ್ನು ದಾಟಿ, ಹೊಲಗಳು ಬಂದು, ಮೊದಲ ಸ್ಟೇಷನ್ ಕಳೆಯುವವರೆಗೂ ಗಟ್ಟಿಯಾಗಿ ಅತ್ತಳು. ಎದುರಿನ ಬರ್ತಿನ ಮುದುಕ ಕಿವಿಗೆ ಹತ್ತಿ ಇಟ್ಟುಕೊಂಡ. ಗೋಂದಮ್ಮ ಅವನಿಗೊಂದು ಬಿಸ್ಕತ್ತು ಕೊಟ್ಟಳು. ಗಂಡನಿಂದ ಫೋನಿಗೆ ಸಂದೇಶ ಬಂತು: "ಒಂದು ಹೌದು ಅಂದಿದ್ರೆ ಮಗು ನಗ್ತಾ ಹೋಗ್ತಿತ್ತಲ್ಲೇ." ಅವಳು ಅದನ್ನು ಎರಡು ಸಲ ಓದಿಕೊಂಡಳು. ಮಡಿಲಲ್ಲಿ ಒದ್ದೆಯಾಗಿ, ಬಿಸಿಯಾಗಿ ಮಲಗಿದ್ದ ಮಗುವಿನ ತಲೆ ಸವರಿದಳು. ಫೋನನ್ನು ಚೀಲಕ್ಕೆ ಹಾಕಿದಳು.

ಎರಡನೇ ಸ್ಟೇಷನ್ ಬಂದಾಗ ಪಿಟೀಲು ಎದ್ದು ಕೂತಳು. ಬಾಗಿಲ ಕಡೆ ನೋಡಲಿಲ್ಲ. ಕಿಟಕಿಗೆ ಮೂಗು ಒತ್ತಿ, "ಅಮ್ಮಾ, ಸಮುದ್ರ ಇನ್ನೂ ಎಷ್ಟು ದೂರ?" ಅಂದಳು.

ಈಗ ನೀವು ಹೇಳಿ. ಆ ಪ್ಲಾಟ್‌ಫಾರ್ಮಿನಲ್ಲಿ, ಗಾರ್ಡ್ ಬಾಗಿಲು ಹಾಕಿಕೊಂಡು ಬರುತ್ತಿರುವಾಗ, ಅಷ್ಟು ವರ್ಷ ಕಾದ ಪ್ರಯಾಣ ಒಂದೇ ಒಂದು ಹೌದಿನ ಮೇಲೆ ನಿಂತಿರುವಾಗ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?